ಡ್ಯಾನ್ಯೂಬ್ ದಂಡೆಯ ಸೈಕಲ್ ಹಾದಿ

ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯನ್ನು ಹಿಡಿದು ಸಾಗುವ ಸೈಕಲ್ ಹಾದಿ 300 ಕಿ.ಮೀ.ಗೂ ಹೆಚ್ಚು ಉದ್ದ. ಇಷ್ಟು ದೂರದಲ್ಲಿ ಏದುಸಿರು ಬಿಡಿಸುವಂಥ ಏರು ಇಲ್ಲವೆಂದೇ ಹೇಳಬೇಕು. ಉಗಿಯಂತ್ರ ಬರುವ ಮೊದಲು ಸರಕಿನ ದೋಣಿಗಳನ್ನು ಹರಿವಿಗೆ ಎದುರಾಗಿ ಎಳೆಯುತ್ತಿದ್ದದ್ದು ಕುದುರೆಗಳು. ಅವು ನಡೆಯಲೆಂದು ನೀರಿನಂಚಿನಲ್ಲೇ ಸಮತಟ್ಟಾಗಿ ಮಾಡಿದ ದಾರಿಯ ಮೇಲೆ ಇಂದು ಹಲವೆಡೆ ಸೈಕಲ್ ಗಾಲಿ ಉರುಳುತ್ತದೆ. ಕುದುರೆಯ ದಣಿವು ನೋಡಿ ಮಾಡಿದ ದಾರಿ ನಮ್ಮ ಮೊಣಕಾಲಿಗೂ ಹಿತ.

ಶ್ಲೋಗೆನ್ ಬಳಿ ನದಿ ಗಟ್ಟಿ ಬಂಡೆಗೆ ಮಣಿದು, ಬಂದ ದಿಕ್ಕಿಗೇ ಹೊರಳುತ್ತದೆ. ಅಲ್ಲಿ ಸೈಕಲ್ ಸಮೇತ ಪುಟ್ಟ ದೋಣಿ ಹತ್ತಿ ಆಚೆ ದಡ ಸೇರಬಹುದು. ಸೇತುವೆ ಕಟ್ಟದೆ ದೋಣಿಯನ್ನೇ ಉಳಿಸಿಕೊಂಡಿದ್ದಾರಲ್ಲ, ಆ ವಿವೇಕಕ್ಕೆ ನನ್ನ ದೊಡ್ಡ ನಮಸ್ಕಾರ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖೌ ಕಣಿವೆ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವುಗಳ ಆಸರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಜುಲೈ ಹೊತ್ತಿಗೆ ಏಪ್ರಿಕಾಟ್ ಹಣ್ಣಾಗುತ್ತದೆ. ದಾರಿಬದಿಯಲ್ಲೇ ಕೊಂಡು ತಿನ್ನಬಹುದು.

ಹೊರಡುವುದಾದರೆ ಪಾಸೌನಿಂದಲೇ ಹೊರಡಿ. ನದಿ ಹರಿಯುವುದು ವಿಯೆನ್ನಾದತ್ತಲೇ, ಗಾಳಿಯೂ ಹೆಚ್ಚಾಗಿ ಪಡುವಣದಿಂದಲೇ ಬೀಸಿ ಬೆನ್ನಿಗೆ ನಿಲ್ಲುತ್ತದೆ. ಮಕ್ಕಳನ್ನೂ ಧೈರ್ಯವಾಗಿ ಕರೆದೊಯ್ಯಬಹುದು.