ತಡವಾಯಿತೆಂಬ ಮೊದಲ ಪ್ರಶ್ನೆ

ಬೆಂಗಳೂರಿನ ಉಪ್ಪಾರಪೇಟೆಯ ಲಾಡ್ಜುಗಳ ಸಾಲು ದಾಟಿ ಕೆಂಪೇಗೌಡ ರಸ್ತೆಯಲ್ಲಿ ಮೈಸೂರು ಬ್ಯಾಂಕ್ ವೃತ್ತದ ಕಡೆ ನಡೆದರೆ ಕಂದಾಯ ಭವನ. ನಗರದ ಸುತ್ತಲಿನ ಹಳ್ಳಿಗಳವರು ಪಿಟಿಸಿಎಲ್ ಕೇಸಿನ ವಾಯಿದೆಗೆಂದು ಎ.ಸಿ. ಕೋರ್ಟಿಗೆ ಬರುವುದು ಇಲ್ಲಿಗೇ. ಒಬ್ಬರ ಕೈಚೀಲದಲ್ಲಿ ತಾತನ ಹೆಸರಿನ ಸಾಗುವಳಿ ಚೀಟಿ, ಮಡಿಕೆಯಲ್ಲಿ ಹರಿದದ್ದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದು. ಇನ್ನೊಬ್ಬರದರಲ್ಲಿ ನೋಂದಣಿಯಾದ ಕ್ರಯಪತ್ರ. ಸರ್ವೆ ನಂಬರು ಮಾತ್ರ ಒಂದೇ. ಎಷ್ಟೋ ಸಲ ಮೂರನೆಯ ಪಕ್ಷವೂ ಇರುತ್ತದೆ: ಮಂಜೂರುದಾರನ ಇನ್ನೊಬ್ಬ ಮಗನ ಕಡೆಯವರು, ತಮ್ಮ ಪಾಲೇ ಬೇರೆ ಎನ್ನುವವರು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಈ ಪಿಟಿಸಿಎಲ್ ಕಾಯ್ದೆ ಜಾರಿಗೆ ಬಂದದ್ದು 1979ರ ಜನವರಿ 1ರಂದು. ಷರತ್ತು ಮೀರಿ ಮಾರಿದ್ದರೆ ಆ ಕ್ರಯ ಅಸಿಂಧು. ಉಪವಿಭಾಗಾಧಿಕಾರಿ (ಎ.ಸಿ.) ಜಮೀನನ್ನು ಮೂಲ ಮಂಜೂರುದಾರನಿಗೋ ವಾರಸುದಾರರಿಗೋ ಕೊಡಿಸಬೇಕು. ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಅರ್ಜಿ ಹಾಕಲು ಇಷ್ಟೇ ವರ್ಷ ಎಂಬ ಮಿತಿಯನ್ನು ಕಾಯ್ದೆ ಹೇಳಿರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪು ಬಂತು: ಮಿತಿ ಬರೆದಿಲ್ಲದಿದ್ದರೂ ನ್ಯಾಯೋಚಿತ ಅವಧಿಯೊಳಗೆ ಬರಬೇಕು, ಎರಡು ದಶಕ ದಾಟಿ ಬಂದ ಅರ್ಜಿ ನಿಲ್ಲದು.

ಆ ತೀರ್ಪಿನ ಬೆನ್ನಿಗೇ ಬೆಳೆದ ಪದ್ಧತಿಯ ಬಗ್ಗೆ ನನ್ನ ತಕರಾರು. ಉಳಿದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ‘ತಡವಾಗಿದೆಯೇ’ ಎಂಬುದೊಂದನ್ನೇ ಮೊದಲು ಎತ್ತಿಕೊಂಡು ಅಲ್ಲಿಗೇ ಪ್ರಕರಣ ಮುಗಿಸುವುದು. ನೋಡಲು ಇದು ಚೊಕ್ಕ. ಅರ್ಜಿಯ ಮೇಲಿನ ತಾರೀಖು, ಕ್ರಯದ ತಾರೀಖು, ನಡುವೆ ಒಂದು ಕಳೆಯುವ ಲೆಕ್ಕ. ಆದರೆ ಯಾವ ತಾರೀಖಿನಿಂದ ಎಣಿಸಬೇಕು, ಎಷ್ಟು ವರ್ಷ ಸಾಕು ಎಂಬುದು ಮಂಜೂರಾತಿಯ ಸ್ವರೂಪದಲ್ಲೇ ಅಡಗಿದೆ.

ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. 1955ರಲ್ಲಿ ಎರಡೆಕರೆ ಮಂಜೂರು, 15 ವರ್ಷ ಪರಭಾರೆ ಕೂಡದೆಂಬ ಷರತ್ತು. 1965ರಲ್ಲೇ ಮಾರಾಟ. ಷರತ್ತು ಮುರಿದದ್ದು ನಿಜ. ಆದರೆ ಕಾಯ್ದೆ ಬರುವ ಮೊದಲೇ ಪ್ರತಿಕೂಲ ಸ್ವಾಧೀನದಿಂದ ಕ್ರಯದಾರನ ಹಕ್ಕು ಬಲಿತಿದ್ದರೆ ಅವನನ್ನು ಏಳಿಸುವಂತಿಲ್ಲ ಎಂದು ಮಂಚೇಗೌಡ ತೀರ್ಪೇ ಹೇಳಿದೆ. 1979ಕ್ಕೆ ಅವನ ಅನುಭೋಗ 14 ವರ್ಷದ್ದು. ಇದು ಸಾಕೇ? 1994ರ ಹುಚ್ಚೇಗೌಡ ಪ್ರಕರಣದ ಪ್ರಕಾರ, ಮಂಜೂರುದಾರನಿಗೆ ಪೂರ್ಣ ಒಡೆತನ ಕೊಟ್ಟಿದ್ದರೆ 12 ವರ್ಷ ಸಾಕು, ಕ್ರಯದಾರ ಗೆದ್ದ. ಒಡೆತನ ಸರ್ಕಾರದಲ್ಲೇ ಉಳಿದಿದ್ದರೆ 30 ವರ್ಷ ಬೇಕು, ವಾರಸುದಾರರ ಹಕ್ಕು ಉಳಿಯಿತು. ಮೂಲ ಮಂಜೂರಾತಿ ಕಡತ ತರಿಸಿ ಷರತ್ತು ಓದದೆ ಕಾಲದ ಲೆಕ್ಕವನ್ನು ಶುರುಮಾಡುವುದೇ ಸಾಧ್ಯವಿಲ್ಲ. ಇನ್ನು ಒಬ್ಬ ಮಗನ ಕಡೆಯವರು 1990ರಲ್ಲೇ ಅರ್ಜಿ ಕೊಟ್ಟು ಸುಮ್ಮನಾಗಿ, ಇನ್ನೊಬ್ಬನ ಕಡೆಯವರು 2006ರಲ್ಲಿ ಬಂದರೆ ತಡ ಯಾರದ್ದು? ಮೊದಲ ಅರ್ಜಿ ಏನಾಯಿತೆಂದು ನೋಡದೆ ಅದನ್ನೂ ಹೇಳಲಾಗದು.

ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೇ ನೋಡುವ ಜಾಣತನ ಸಿವಿಲ್ ದಾವೆಗಳಲ್ಲಿ ಹಿಂದೆಯೇ ಬಂದಿದೆ. 1976ರ ತಿದ್ದುಪಡಿಯ ನಂತರ ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೇ ಆದೇಶದ 2ನೇ ನಿಯಮ, ಎಲ್ಲ ವಿವಾದಾಂಶಗಳ ಮೇಲೂ ತೀರ್ಪು ಕೊಡಿ ಎನ್ನುತ್ತದೆ. ಅಧಿಕಾರವ್ಯಾಪ್ತಿ ಅಥವಾ ಕಾನೂನಿನ ತಡೆ ಎಂಬ ಶುದ್ಧ ಕಾನೂನು ಪ್ರಶ್ನೆಯಿದ್ದರೆ ಮಾತ್ರ ಅದನ್ನು ಮೊದಲು ಕೈಗೆತ್ತಿಕೊಳ್ಳಬಹುದು. ಸಾಕ್ಷ್ಯ ಬೇಕಾಗುವ ಕಾಲಮಿತಿಯ ಪ್ರಶ್ನೆಯನ್ನು ಹೀಗೆ ಬೇರ್ಪಡಿಸಲಾಗದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿತು. ಎ.ಸಿ. ಕೋರ್ಟು ಸಿವಿಲ್ ಕೋರ್ಟಲ್ಲ, ಒಪ್ಪಿದೆ; ಆದರೆ ಈ ಕಾರಣ ಅಲ್ಲಿಗೂ ಹೊಂದುತ್ತದೆ.

ಹಾಗೆಂದು ಬೇರ್ಪಡಿಸುವುದೇ ತಪ್ಪೆನ್ನುವುದಿಲ್ಲ. ತೋಟಿ, ತಳವಾರ, ನೀರಗಂಟಿ ಜಮೀನುಗಳನ್ನು ನೋಡಿ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಇವು ಮರುಮಂಜೂರಾದವು. ವಂಶಪಾರಂಪರ್ಯ ಹುದ್ದೆಗೆ ಸೇರಿದ ಜಮೀನನ್ನು ಪಿಟಿಸಿಎಲ್ ಕಾಯ್ದೆಯ ವ್ಯಾಖ್ಯೆಯೇ ಹೊರಗಿಟ್ಟಿದೆ. ಮರುಮಂಜೂರಾತಿ ಆದೇಶ ಒಂದನ್ನು ಮುಂದಿಟ್ಟರೆ ಅರ್ಧ ಗಂಟೆಯ ಕೆಲಸ. ಅದು ಯಾವ ಪಾಲುದಾರನ ಮೇಲೂ ಬೇರೆ ಬೇರೆಯಾಗಿ ಬೀಳುವುದಿಲ್ಲ, ಎಲ್ಲರಿಗೂ ಒಂದೇ ಉತ್ತರ. ಮೊದಲು ತೀರ್ಮಾನಿಸಬೇಕಾದದ್ದು ಇಂಥದ್ದು.

ಕ್ರಯದಾರರ ಮಾತನ್ನೂ ತಳ್ಳಿಹಾಕಲಾಗದು. ಮೂರನೇ ಕೈಗೆ ಬಂದ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟಿದವನಿಗೆ 1955ರ ಷರತ್ತು ಕನಸಲ್ಲೂ ಗೊತ್ತಿರುವುದಿಲ್ಲ. ಬೆಂಗಳೂರಿನ ಅಂಚಿನಲ್ಲಿ ಬೆಲೆ ಏರಿದ ಮೇಲೆ ವಾರಸುದಾರರನ್ನು ಹುಡುಕಿ ಅರ್ಜಿ ಹಾಕಿಸುವ ದಲ್ಲಾಳಿಗಳ ಸುದ್ದಿ ಎಲ್ಲರಿಗೂ ಗೊತ್ತು. ತಡ ಎಂಬ ವಾದಕ್ಕೆ ತೂಕವಿದೆ. ಆದರೆ ಅದನ್ನು ತೂಗಬೇಕಾದದ್ದು ಉಳಿದವುಗಳ ಜತೆಗೆ, ಕೊನೆಯಲ್ಲಿ.

ಶಾಸನಸಭೆ 2023ರಲ್ಲಿ ಇನ್ನೊಂದು ತುದಿಗೆ ಹೋಯಿತು. ಪಿಟಿಸಿಎಲ್ ಕಾಯ್ದೆಯ 5ನೇ ಕಲಮಿಗೆ ತಿದ್ದುಪಡಿ ತಂದು, ಯಾವ ಕಾಲಮಿತಿಯೂ ಇಲ್ಲ, ಬಾಕಿ ಪ್ರಕರಣಗಳಿಗೂ ಇದೇ ಅನ್ವಯ ಎಂದಿತು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ಅತಿವಿಳಂಬ ಬೇರೆ ಎಂದು ಹೇಳಿ ಹಳೆಯ ಬಾಗಿಲನ್ನು ಮತ್ತೆ ತೆರೆಯಿತು. ಎರಡೂ ಕಡೆ ಜಗಳ ಕಾಲದ್ದೇ. ಮಂಜೂರಾತಿಯ ಷರತ್ತು ಓದುವ ಕೆಲಸ ಹಾಗೇ ಉಳಿಯಿತು.

ದಕ್ಷಿಣ ಆಫ್ರಿಕ 1994ರ ಭೂಮಿ ಮರಳಿಸುವ ಕಾಯ್ದೆಯಲ್ಲಿ ಈ ಗೊಂದಲವನ್ನು ತಪ್ಪಿಸಿತ್ತು: 1913ರ ಜೂನ್ 19ರ ನಂತರ ಕಳೆದುಕೊಂಡ ಜಮೀನು, ಅರ್ಜಿಗೆ 1998ರ ಡಿಸೆಂಬರ್ 31ರ ಗಡುವು. ತಾರೀಖು ಶಾಸನದಲ್ಲೇ ಇದ್ದಾಗ ಅದನ್ನು ಮೊದಲು ತೀರ್ಮಾನಿಸುವುದಕ್ಕೆ ಅರ್ಥವಿದೆ. ನಮ್ಮಲ್ಲಿ ಅಂಥ ತಾರೀಖಿಲ್ಲ.

ಇನ್ನೊಂದು ಮಾತು. ಮಂಜೂರಾದ ಜಮೀನು ಬೇರೆಯವರ ಸ್ವಾಧೀನದಲ್ಲಿದ್ದರೆ ಅದು ಅಸಿಂಧು ಪರಭಾರೆಯಿಂದಲೇ ಹೋಗಿದೆಯೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಎದುರಿನವರದ್ದು ಎಂದು ಪಿಟಿಸಿಎಲ್ ಕಾಯ್ದೆಯೇ ಹೇಳುತ್ತದೆ. ಆದರೆ ಅದು ಮಂಜೂರಾದ ಜಮೀನೆಂದು ತೋರಿಸುವ ಮೂಲ ಕಡತ, ದರಖಾಸ್ತು ರಿಜಿಸ್ಟರು ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಕೈಗೆ ಬರುವಷ್ಟರಲ್ಲಿ ಕಳೆದ ವರ್ಷಗಳನ್ನೂ ಅರ್ಜಿದಾರನ ತಡದ ಲೆಕ್ಕಕ್ಕೇ ಬರೆಯುವುದಾದರೆ, ಮೊದಲ ವಾಯಿದೆಯಲ್ಲೇ ಆ ಕಡತವನ್ನು ತರಿಸುವ ಹೊಣೆಯನ್ನು ತಹಸೀಲ್ದಾರರ ಮೇಲೆ ಹೊರಿಸಿ ಆಮೇಲೆ ಮುಂದುವರಿಯಲಿ.