ವಿಟನಿಲ್ಲದ ಭಾಣ: ಬಾಬ್ ನ್ಯೂಹಾರ್ಟನ ಹಾಸ್ಯ

ಭಾಣವೆಂಬ ರೂಪಕದಲ್ಲಿ ಪಾತ್ರವು ಒಂದೇ. ಆ ಒಬ್ಬನು ಕಾಣದ ಜನರೊಡನೆ ಮಾತನಾಡುತ್ತ, ‘ಏನೆನ್ನುವೆ?’ ಎಂದು ಬಯಲನ್ನು ಕೇಳಿ, ಬಂದ ಉತ್ತರವನ್ನು ತಾನೇ ಅನುವದಿಸಿ, ಕಥೆಯನ್ನು ಮುಂದಕ್ಕೆ ಸಾಗಿಸತಕ್ಕದ್ದು. ಇದಕ್ಕೆ ಆಕಾಶಭಾಷಿತವೆಂದು ಹೆಸರು. ಧನಂಜಯನು ದಶರೂಪಕದಲ್ಲಿ ಆ ಪಾತ್ರವು ಚತುರನಾದ ವಿಟನೇ ಆಗಿರಬೇಕೆಂದು ವಿಧಿಸಿದ್ದಾನೆ. ವಿಟನು ಬಂದ ಮೇಲೆ ವೇಶವಾಟಿಯು ಬಾರದಿರುವುದೆಂತು? ಚತುರ್ಭಾಣಿಯ ನಾಲ್ಕು ಕೃತಿಗಳೂ ಅಲ್ಲಿಯೇ ಸಂಚರಿಸುತ್ತವೆ. ಅವುಗಳ ಚಮತ್ಕಾರವೇನೂ ಸಾಮಾನ್ಯವಲ್ಲ. ಆದರೆ ಯಾವ ಉಪಾಧ್ಯಾಯನೂ ಬಾಲಕರ ಮುಂದೆ ಅವುಗಳನ್ನು ನಿಸ್ಸಂಕೋಚವಾಗಿ ಓದಲಾರನು.

ವಿಟನನ್ನು ಬಿಟ್ಟು ಭಾಣವು ಬದುಕೀತೆ? ಸಂಸ್ಕೃತದ ಗಂಧವೇ ಇಲ್ಲದ ಅಮೆರಿಕೆಯ ಒಬ್ಬ ಲೆಕ್ಕಿಗನು ಇದಕ್ಕೆ ಉತ್ತರವಿತ್ತುದು ಸೋಜಿಗವೇ ಸರಿ. ಬಾಬ್ ನ್ಯೂಹಾರ್ಟನು ೧೯೨೯ರಲ್ಲಿ ಷಿಕಾಗೋ ನಗರದ ನೆರೆಯ ಓಕ್ ಪಾರ್ಕಿನಲ್ಲಿ ಹುಟ್ಟಿ, ವಾಣಿಜ್ಯಶಾಸ್ತ್ರವನ್ನು ಓದಿ, ಕೆಲಕಾಲ ಸೈನ್ಯದಲ್ಲಿದ್ದು, ಬಳಿಕ ಲೆಕ್ಕ ಬರೆದು, ಜಾಹೀರಾತುಗಳನ್ನೂ ಬರೆದವನು. ಚಿಲ್ಲರೆ ಹಣದ ಲೆಕ್ಕವು ಕೂಡದಿದ್ದಾಗ ತನ್ನ ಜೇಬಿನ ಕಾಸನ್ನೇ ಹಾಕಿ ಸರಿದೂಗಿಸುತ್ತಿದ್ದೆನೆಂದು ಈತನೇ ಹೇಳಿಕೊಂಡು ನಗಿಸುತ್ತಿದ್ದನು. ೧೯೬೦ರಲ್ಲಿ ಹ್ಯೂಸ್ಟನ್ ನಗರದಲ್ಲಿ, ಅದಕ್ಕೆ ಮುಂಚೆ ಅಂತಹ ಸಭೆಯನ್ನೇ ಹತ್ತಿದವನಲ್ಲದ ಈತನ ಮಾತುಗಳನ್ನು ಗ್ರಾಮಫೋನು ತಟ್ಟೆಗೆ ಇಳಿಸಿದರು. ‘ದಿ ಬಟನ್-ಡೌನ್ ಮೈಂಡ್ ಆಫ್ ಬಾಬ್ ನ್ಯೂಹಾರ್ಟ್’ ಎಂಬ ಆ ತಟ್ಟೆಯು ಗಾಯಕರ ತಟ್ಟೆಗಳನ್ನೆಲ್ಲ ಹಿಂದಿಕ್ಕಿ, ೧೯೬೧ರಲ್ಲಿ ವರ್ಷದ ಶ್ರೇಷ್ಠ ತಟ್ಟೆಯೆಂಬ ಗ್ರ್ಯಾಮಿ ಪಾರಿತೋಷಕವನ್ನು ಗಳಿಸಿತು.

ಈತನ ಆಕಾಶವು ಟೆಲಿಫೋನು. ಈ ಉಪಾಯವನ್ನು ಮೊದಲು ಕಂಡವನು ಈತನಲ್ಲ. ಜಾರ್ಜ್ ಜೆಸೆಲ್, ಶೆಲ್ಲಿ ಬರ್ಮನ್ ಮೊದಲಾದವರು ಇದನ್ನು ಮುಂಚೆಯೇ ಬಳಸಿದ್ದರು. ಆದರೆ ಈತನ ಲಿಂಕನ್ ಪ್ರಕರಣವನ್ನು ನೋಡಬೇಕು. ೧೮೬೩ರ ಗೆಟಿಸ್‌ಬರ್ಗ್ ಭಾಷಣಕ್ಕೆ ಮುನ್ನ ಒಬ್ಬ ಪ್ರಚಾರಕನು ಅಧ್ಯಕ್ಷನಿಗೆ ಟೆಲಿಫೋನು ಮಾಡುತ್ತಾನೆ. ಅಧ್ಯಕ್ಷನು ಗಡ್ಡವನ್ನು ಬೋಳಿಸಿಕೊಳ್ಳಬೇಕೆಂದಿದ್ದಾನೆ. ಪ್ರಚಾರಕನಿಗೆ ಎದೆ ಒಡೆಯುತ್ತದೆ. ಎಂಬತ್ತೇಳು ವರ್ಷಗಳನ್ನು ಇಪ್ಪತ್ತುಗಳಲ್ಲಿ ಎಣಿಸಿದ ಆ ಪ್ರಸಿದ್ಧವಾದ ಆರಂಭವನ್ನು ಅಧ್ಯಕ್ಷನು ನೇರವಾದ ಅಂಕಿಗೆ ತಿದ್ದಿಟ್ಟಿದ್ದಾನೆ. ಕೂಡದೆಂದು ಪ್ರಚಾರಕನು ಅಂಗಲಾಚುತ್ತಾನೆ. ಭಾಷಣವನ್ನು ಲಕೋಟೆಯ ಹಿಂಬದಿಯಲ್ಲಿಯೇ ಬರೆಯಬೇಕೆಂದು ಎಷ್ಟು ಸಲ ಹೇಳಿದರೂ ಈ ಲಿಂಕನ್ನನಿಗೆ ಹತ್ತುವುದಿಲ್ಲ.

ಇಲ್ಲಿ ಲಿಂಕನ್ನನ ಒಂದು ಮಾತೂ ಕಿವಿಗೆ ಬೀಳದು. ಭಾಣದ ನಟನು ಎದುರಿನವನ ಮಾತನ್ನು ಪೂರ್ತಿಯಾಗಿ ಹೇಳಿ ತೋರಿಸುವನು. ನ್ಯೂಹಾರ್ಟನೋ ತಾಳ್ಮೆಯಿಂದ ಸುಮ್ಮನಿರುವನು. ಆ ಮೌನದಲ್ಲಿ ಉತ್ತರವನ್ನು ರಚಿಸತಕ್ಕವನು ಶ್ರೋತೃ. ವಾಚ್ಯವನ್ನು ಕಳೆದು ವ್ಯಂಗ್ಯವನ್ನು ಉಳಿಸುವ ಈ ಕ್ರಮವನ್ನು ಆನಂದವರ್ಧನನ ಶಿಷ್ಯರು ಮೆಚ್ಚದೆ ಇರಲಾರರು. ಕೆಲವೆಡೆ ಈತನೂ ಎದುರಿನ ಮಾತನ್ನು ಮರುನುಡಿಯುವುದುಂಟು. ಅಲ್ಲಿ ನಗೆಯು ತುಸು ತೆಳುವಾಗುವುದೂ ಉಂಟು. ಭರತಮುನಿಯು ಹಾಸ್ಯಕ್ಕೆ ಹೇಳಿದ ವಿಭಾವಗಳಲ್ಲಿ ವಿಕೃತವೇಷವಿಲ್ಲ, ಅಸತ್ಪ್ರಲಾಪವಿಲ್ಲ, ಅಂಗವೈಕಲ್ಯದ ಅಣಕವಿಲ್ಲ. ಕೋಟು ತೊಟ್ಟು ಕೊರಳಪಟ್ಟಿ ಕಟ್ಟಿದ ಗುಮಾಸ್ತನು ಸ್ವಲ್ಪ ತೊದಲುತ್ತ ನಿಂತಿರುವನು, ಅಷ್ಟೆ. ಆ ತೊದಲು ಹುಟ್ಟಿನಿಂದ ಬಂದುದು. ಅದನ್ನು ಕಡಿಮೆಮಾಡೆಂದವರಿಗೆ, ತನ್ನ ಮನೆಯನ್ನು ಕಟ್ಟಿಸಿಕೊಟ್ಟುದೇ ಅದೆಂದು ಉತ್ತರ ಹೇಳಿದೆನೆಂದು ಈತನು ಸ್ಮರಿಸುತ್ತಿದ್ದನು.

‘ಇಡೀ ಸಂಸಾರವು ಒಟ್ಟಿಗೆ ಕುಳಿತು ಕೇಳಬಹುದು’ ಎಂಬುದೇ ಈತನಿಗೆ ಸಲ್ಲುತ್ತಿದ್ದ ಸಾಮಾನ್ಯ ಪ್ರಶಂಸೆ. ಇದು ಸಾಲದು. ಕಾವ್ಯವು ದೋಷರಹಿತವಾದರೆ ಮುಗಿಯಲಿಲ್ಲ, ಗುಣಸಹಿತವೂ ಆಗಿರಬೇಕೆಂದಲ್ಲವೆ ಮಮ್ಮಟನ ಅಭಿಪ್ರಾಯ? ಉಪ್ಪಿಲ್ಲದ ಸಾರೂ ನಿರ್ಮಲವೇ. ಅದೇ ಕಾಲದಲ್ಲಿ ಲೆನ್ನಿ ಬ್ರೂಸನೆಂಬವನು ನಿಷಿದ್ಧ ಪದಗಳನ್ನು ಸಭೆಯಲ್ಲಿ ಉಚ್ಚರಿಸಿ, ೧೯೬೪ರಲ್ಲಿ ನ್ಯೂಯಾರ್ಕಿನ ನ್ಯಾಯಸ್ಥಾನದಿಂದ ಅಪರಾಧಿಯೆನಿಸಿಕೊಂಡನು. ಅವನು ೧೯೬೬ರಲ್ಲಿ ಮೃತನಾಗಿ, ಕ್ಷಮೆಯು ೨೦೦೩ರಲ್ಲಿ ದೊರೆಯಿತು. ಬ್ರೂಸನು ಸಮಾಜದ ಕಪಟವನ್ನು ಹೆಸರು ಹಿಡಿದು ಕೂಗಿದವನು, ನ್ಯೂಹಾರ್ಟನು ನೆರೆಹೊರೆಯವರಿಗೆ ನೋವಾಗದಂತೆ ನಗಿಸಿದವನು, ಆದುದರಿಂದ ಇವನದು ಸುಲಭಮಾರ್ಗ ಎಂದು ವಾದಿಸುವವರುಂಟು. ಲಿಂಕನ್ ಪ್ರಕರಣವನ್ನು ಮತ್ತೊಮ್ಮೆ ಕೇಳಿದರೆ ಈ ವಾದವು ನಿಲ್ಲದು. ಮಹಾಪುರುಷನನ್ನೂ ಸಾಬೂನಿನಂತೆ ಕಟ್ಟಿ ಮಾರುವ ವ್ಯಾಪಾರವನ್ನು ಅದಕ್ಕಿಂತ ಹರಿತವಾಗಿ ಸೀಳಿದ ಬೈಗುಳವಾದರೂ ಯಾವುದು?

ಈತನು ಎಡವಿದ ಸ್ಥಳವು ಬೇರೆ. ಮೋಟಾರು ನಡೆಸಲು ಕಲಿಯುವ ಹೆಂಗಸು ಮತ್ತು ಪಾಠ ಹೇಳುವವನ ಪ್ರಕರಣವು ಬಹು ಜನಪ್ರಿಯವಾಯಿತು. ಹಿಂದಿನ ಗುರುವು ಓಡುವ ಗಾಡಿಯಿಂದ ಹಾರಿದನಂತೆ! ಈಗಿನ ಗುರುವಿನ ಭೀತಿಯು ಸಹಜವಾಗಿದೆ. ಆದರೆ ಹೆಂಗಸಿಗೆ ಗಾಡಿ ಬಾರದೆಂಬ ಹಳೆಯ ಪೂರ್ವಗ್ರಹವೇ ಅದರ ಬಂಡವಾಳ. ಕ್ಷೇಮೇಂದ್ರನು ಇದನ್ನು ಅನೌಚಿತ್ಯದ ಪಟ್ಟಿಗೆ ಸೇರಿಸದೆ ಬಿಡುತ್ತಿರಲಿಲ್ಲ. ಅಶ್ಲೀಲಪದವೊಂದೂ ಇಲ್ಲದೆಯೇ ಹಾಸ್ಯವು ಮಲಿನವಾಗಬಹುದೆಂಬುದನ್ನು ಶುದ್ಧಹಾಸ್ಯದ ಪಕ್ಷಪಾತಿಗಳು ಗಮನಿಸಬೇಕು.

ಮುಂದೆ ದೂರದರ್ಶನದ ಎರಡು ಮಾಲೆಗಳು ಈತನನ್ನು ಮನೆಮನೆಗೆ ಒಯ್ದುವು. ಅಲ್ಲಿ ಎದುರು ಪಾತ್ರಗಳು ಬಾಯಿಬಿಟ್ಟು ಮಾತನಾಡುವುದರಿಂದ ಆಕಾಶಭಾಷಿತದ ಸೊಗಸು ಸ್ವಲ್ಪ ತಗ್ಗಿತೆನ್ನಬೇಕು. ೨೦೨೪ರ ಜುಲೈ ತಿಂಗಳಲ್ಲಿ, ತನ್ನ ೯೪ನೆಯ ವಯಸ್ಸಿನಲ್ಲಿ ಈತನು ತೀರಿಕೊಂಡನು.

ಮೊದಲ ಸಲ ಕೇಳುವವರು ಕಿಂಗ್ ಕಾಂಗ್ ಪ್ರಕರಣದಿಂದ ತೊಡಗಬಹುದು. ಎಂಪೈರ್ ಸ್ಟೇಟ್ ಸೌಧದಲ್ಲಿ ಕಾವಲುಗಾರನಿಗೆ ಅದು ಕೆಲಸದ ಮೊದಲ ರಾತ್ರಿ. ಕಿಟಕಿಯ ಹೊರಗೆ ಭಾರಿ ವಾನರನ ಕಾಲ್ಬೆರಳು ಕಾಣುತ್ತದೆ. ಆತನು ಗಾಬರಿಗೊಂಡು ಓಡುವುದಿಲ್ಲ. ನಿಯಮಪುಸ್ತಕದ ಅಕಾರಾದಿಯಲ್ಲಿ ವಾನರವನ್ನು ಹುಡುಕಿ, ಬಳಿಕ ವಾನರನ ಕಾಲ್ಬೆರಳನ್ನೂ ಹುಡುಕಿ, ಎರಡೂ ಸಿಗದಿರಲು, ಮೇಲಧಿಕಾರಿಗೆ ತೊಂದರೆ ಕೊಟ್ಟುದಕ್ಕೆ ಮೊದಲು ಕ್ಷಮೆ ಕೇಳುತ್ತಾನೆ.