58,476 ಪ್ರತಿಗಳ ಐತಿಹ್ಯ

ರಾಕ್ ಸಂಗೀತದ ಬಗ್ಗೆ ನಾಲ್ಕು ಮಾತಾಡುವವರೆಲ್ಲ ಒಂದಲ್ಲ ಒಂದು ಸಲ ಆಡಿರುವ ಮಾತೊಂದಿದೆ: ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ನ್ಯೂಯಾರ್ಕಿನ ಬ್ಯಾಂಡಿನ ಮೊದಲ ಆಲ್ಬಮ್ ಕೊಂಡವರು ಬೆರಳೆಣಿಕೆಯ ಮಂದಿ, ಆದರೆ ಕೊಂಡವರೆಲ್ಲ ತಾವೂ ಒಂದೊಂದು ಬ್ಯಾಂಡ್ ಕಟ್ಟಿದರು. ಈ ಮಾತನ್ನು ಚಲಾವಣೆಗೆ ತಂದವನು ಸಂಗೀತಗಾರ ಬ್ರಯಾನ್ ಈನೊ. 1982ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ಗೆ ಕೊಟ್ಟ ಸಂದರ್ಶನದಲ್ಲಿ, ಮೊದಲ ಐದು ವರ್ಷದಲ್ಲಿ 30,000 ಪ್ರತಿ ಮಾತ್ರ ಹೋದವೆಂದು ಬ್ಯಾಂಡಿನ ಹಾಡುಗಾರ ಲೂ ರೀಡ್ ತನಗೆ ಹೇಳಿದ್ದನ್ನು ಆತ ನೆನೆದ. ಬಾಯಿಂದ ಬಾಯಿಗೆ ದಾಟುತ್ತ ಆ 30,000 ಹತ್ತು ಸಾವಿರಕ್ಕಿಳಿಯಿತು, ಕೆಲವರ ಬಾಯಲ್ಲಿ ಒಂದು ಸಾವಿರಕ್ಕೂ ಬಂತು. ಎಷ್ಟೋ ವರ್ಷಗಳ ಮೇಲೆ, ಆಲ್ಬಮ್ ಹೊರತಂದ ಎಂಜಿಎಂ ಕಂಪನಿಯ ರಾಯಲ್ಟಿ ಲೆಕ್ಕದ ಕಾಗದವೊಂದು ಸಂಗ್ರಾಹಕರ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು ಬೇರೆಯೇ ಅಂಕಿ. 1969ರ ಫೆಬ್ರವರಿ 14ರ ಹೊತ್ತಿಗೆ ಮಾರಾಟವಾದದ್ದು 58,476 ಪ್ರತಿ. ಆಲ್ಬಮ್ ಹೊರಬಂದದ್ದು 1967ರ ಮಾರ್ಚಿನಲ್ಲಿ. ಅಂದರೆ ಎರಡು ವರ್ಷ ತುಂಬುವ ಮೊದಲೇ ಐತಿಹ್ಯದ ಲೆಕ್ಕದ ಹತ್ತಿರಹತ್ತಿರ ಇಮ್ಮಡಿ.

58,476 ದೊಡ್ಡ ಗೆಲುವೇನಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 171ನೇ ಸ್ಥಾನ ದಾಟಲಿಲ್ಲ. ಹೊದಿಕೆಯ ಹಿಂಬದಿಯ ಚಿತ್ರದಲ್ಲಿ ಒಬ್ಬ ನಟನ ಮುಖ ಅನುಮತಿಯಿಲ್ಲದೆ ಬಂದಿದೆ ಎಂಬ ತಕರಾರಿನಿಂದ ಅಂಗಡಿಯ ಪ್ರತಿಗಳನ್ನು ವಾಪಸು ತರಿಸಬೇಕಾಯಿತು. ಆದರೂ ಅದು ಯಾರೂ ಕೇಳದ ರೆಕಾರ್ಡಂತೂ ಅಲ್ಲ. ಹಾಗಿದ್ದರೆ ಸಣ್ಣ ಅಂಕಿಯೇ ಯಾಕೆ ಎಲ್ಲರಿಗೂ ಇಷ್ಟವಾಯಿತು? ಅದು ಕೇಳುಗನ ಬೆನ್ನು ತಟ್ಟುತ್ತದೆ, ಅದಕ್ಕೆ. ಕೊಂಡವರು ಕಡಿಮೆಯಾದಷ್ಟೂ ಕೊಂಡವನ ತೂಕ ಹೆಚ್ಚು. ಕಲ್ಟ್ ಬ್ಯಾಂಡ್ ಎಂದು ಕರೆಸಿಕೊಳ್ಳುವ ಯಾವ ಗುಂಪಿನ ಚರಿತ್ರೆ ಬರೆಯಹೊರಟರೂ ಈ ಮುಖಸ್ತುತಿ ಅಡ್ಡ ಬರುತ್ತದೆ. ಬ್ಯಾಂಡಿನ ಚರಿತ್ರೆಯ ಜೊತೆಗೆ ಅದರ ಕೀರ್ತಿಯ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ. ಟಾಡ್ ಹೇನ್ಸ್ 2021ರಲ್ಲಿ ಮಾಡಿದ ಸಾಕ್ಷ್ಯಚಿತ್ರ 'ದಿ ವೆಲ್ವೆಟ್ ಅಂಡರ್‌ಗ್ರೌಂಡ್' ಮೊದಲನೆಯದನ್ನು ಬಹಳ ಚೆನ್ನಾಗಿ ಮಾಡುತ್ತದೆ. ಎರಡನೆಯದಕ್ಕೆ ಕೈಯೇ ಹಾಕುವುದಿಲ್ಲ.

ಮೊದಲು ಅದರ ಚಂದ ನೋಡೋಣ. ಹೇನ್ಸ್‌ಗೆ ಇದ್ದ ತೊಂದರೆ ಸಣ್ಣದಲ್ಲ. ಈ ಬ್ಯಾಂಡ್ ವೇದಿಕೆಯಲ್ಲಿ ಹಾಡುತ್ತಿರುವುದನ್ನು ದನಿಸಮೇತ ಹಿಡಿದ ಫಿಲ್ಮ್ ಇಲ್ಲವೆನ್ನುವಷ್ಟು ಕಡಿಮೆ. ಕಲಾವಿದ ಆಂಡಿ ವಾರ್ಹಾಲ್ 1966ರಲ್ಲಿ 'ಫ್ಯಾಕ್ಟರಿ' ಎಂಬ ತನ್ನ ಸ್ಟುಡಿಯೊದಲ್ಲಿ ಅವರ ಅಭ್ಯಾಸವನ್ನು ಚಿತ್ರೀಕರಿಸಿದ್ದಾನೆ ನಿಜ, ಗದ್ದಲದ ದೂರಿನ ಮೇಲೆ ಪೊಲೀಸರು ಬರುವುದರೊಂದಿಗೆ ಅದು ಮುಗಿಯುತ್ತದೆ. ಉಳಿದಂತೆ ಇದ್ದದ್ದು ವಾರ್ಹಾಲನ ಮೂಕ 'ಸ್ಕ್ರೀನ್ ಟೆಸ್ಟ್'ಗಳು: ಒಂದು ಮುಖ, ಒಂದು ದೀಪ, ಅಲುಗದ ಕ್ಯಾಮೆರಾ, ನಾಲ್ಕು ನಿಮಿಷದಷ್ಟು ಹೊತ್ತು. ಹೇನ್ಸ್ ಪರದೆಯನ್ನು ಎರಡು ಮಾಡಿ, ಒಂದರ್ಧದಲ್ಲಿ ಲೂ ರೀಡನ ಮುಖವನ್ನು ಹಾಗೇ ಬಿಟ್ಟುಬಿಡುತ್ತಾರೆ. ಇನ್ನೊಂದರ್ಧದಲ್ಲಿ ಲಾಂಗ್ ಐಲೆಂಡಿನ ಬಾಲ್ಯ, ಅಪ್ಪನ ಮನೆ, ಸಿರಕ್ಯೂಸ್ ವಿಶ್ವವಿದ್ಯಾಲಯ ಎಲ್ಲ ಓಡಿಹೋಗುತ್ತವೆ. ಈ ಕಡೆಯ ಮುಖ ಮಾತ್ರ ಸುಮ್ಮನೆ ನಮ್ಮನ್ನೇ ನೋಡುತ್ತಿರುತ್ತದೆ. ನಿಧಾನಿಸಿದ ಫಿಲ್ಮಿನಲ್ಲಿ ಅವನ ಒಂದು ರೆಪ್ಪೆ ಬಡಿತವೂ ದೊಡ್ಡ ಘಟನೆಯಾಗುತ್ತದೆ. ತನ್ನ ಬಗ್ಗೆ ಹೇಳುವುದನ್ನೆಲ್ಲ ಕೇಳಿಸಿಕೊಂಡೂ ಒಪ್ಪದೆ, ತಳ್ಳಿಹಾಕದೆ ಕೂತವನಂತೆ ಅವನು ಕಾಣುತ್ತಾನೆ. 2013ರಲ್ಲೇ ತೀರಿಕೊಂಡ ಮನುಷ್ಯನನ್ನು ಸಾಕ್ಷ್ಯಚಿತ್ರದಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತೋಚುವುದಿಲ್ಲ.

ಚಿತ್ರ ಶುರುವಾಗುವುದು ಮಾತ್ರ ರೀಡನಿಂದಲ್ಲ. 1963ರ ಅಮೆರಿಕನ್ ಟೀವಿ ಆಟವೊಂದರಲ್ಲಿ ವೇಲ್ಸ್‌ನಿಂದ ಬಂದ 21ರ ಹುಡುಗ, ಮುಂದೆ ಈ ಬ್ಯಾಂಡಿನಲ್ಲಿ ವಯೋಲಾ ನುಡಿಸಲಿದ್ದ ಜಾನ್ ಕೇಲ್ ನಿಂತಿದ್ದಾನೆ. ಎರಿಕ್ ಸಾಟೀಯ ಒಂದು ಪುಟ್ಟ ಪಿಯಾನೊ ರಚನೆಯನ್ನು 840 ಸಲ ನುಡಿಸಲು ಹದಿನೆಂಟು ಗಂಟೆಗೂ ಮೀರಿ ಸರದಿಯಲ್ಲಿ ಕೂತ ಪಿಯಾನೊ ವಾದಕರಲ್ಲಿ ಅವನೊಬ್ಬ. ಪಕ್ಕದಲ್ಲಿ ಇನ್ನೊಬ್ಬ ಇದ್ದಾನೆ, ಅಷ್ಟು ಹೊತ್ತೂ ಎದ್ದುಹೋಗದೆ ಕೂತು ಕೇಳಿದ ಒಬ್ಬನೇ ಪ್ರೇಕ್ಷಕ. ಜನ ನಗುತ್ತಾರೆ. ಆ ಒಂಟಿ ಪ್ರೇಕ್ಷಕನ ಮೇಲೆ ಹೇನ್ಸ್ ಇನ್ನಷ್ಟು ನಿಂತಿದ್ದರೆ ಅವರ ಚಿತ್ರ ಬೇರೆಯೇ ಆಗುತ್ತಿತ್ತೇನೊ. ಅವರಿಗೆ ಬೇಕಾದದ್ದು ಕೇಲ್, ಮತ್ತು ಕೇಲ್‌ನನ್ನು ರೂಪಿಸಿದ ಸಂಗೀತ ರಚನಕಾರ ಲಾ ಮಾಂಟ್ ಯಂಗ್.

ಇಲ್ಲಿ ಚಿತ್ರ ನಿಜಕ್ಕೂ ಕಲಿಸುತ್ತದೆ. ಯಂಗ್‌ನ ಕೋಣೆಯಲ್ಲಿ ಕೇಲ್ ಮತ್ತು ಟೋನಿ ಕಾನ್ರಾಡ್ ಗಂಟೆಗಟ್ಟಲೆ ಒಂದೇ ಸ್ವರ ಹಿಡಿದು ನಿಲ್ಲುತ್ತಿದ್ದರು. ಶ್ರುತಿಗೆ ಆಧಾರ ನ್ಯೂಯಾರ್ಕಿನ ವಿದ್ಯುತ್ತು: ಫ್ರಿಜ್ಜಿನಿಂದ ಬರುವ, ಸೆಕೆಂಡಿಗೆ 60 ಆವರ್ತದ ಗುಂಯ್ ಸದ್ದು. ಕೇಲ್ ತನ್ನ ವಯೋಲಾದ ಕುದುರೆಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಗಿಟಾರಿನ ತಂತಿ ಬಿಗಿದುಕೊಂಡ, ಒಂದೇ ಕಮಾನಿನೆಳೆತಕ್ಕೆ ಹಲವು ತಂತಿ ಒಟ್ಟಿಗೆ ಮೊಳಗಲೆಂದು. ಅತ್ತ ಪಿಕ್‌ವಿಕ್ ಎಂಬ ಅಗ್ಗದ ರೆಕಾರ್ಡ್ ಕಂಪನಿಯಲ್ಲಿ ಸಂಬಳಕ್ಕೆ ಹಾಡು ಬರೆಯುತ್ತಿದ್ದ ರೀಡ್ ಗಿಟಾರಿನ ಎಲ್ಲ ತಂತಿಗಳನ್ನೂ ಒಂದೇ ಸ್ವರಕ್ಕೆ ಕಟ್ಟಿ ತಮಾಷೆಯ ಕುಣಿತದ ಹಾಡೊಂದನ್ನು ಮಾಡಿದ್ದ. ಆ ಹಾಡಿನ ನೆಪದಲ್ಲೇ ರೀಡ್-ಕೇಲ್ ಇಬ್ಬರ ಭೇಟಿ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದೆಲ್ಲ ಹತ್ತಿರದ್ದೆನ್ನಿಸುವುದು ಸಹಜ. ಯಂಗ್ ಅಲಿ ಅಕ್ಬರ್ ಖಾನರ ರೆಕಾರ್ಡನ್ನು ಐವತ್ತರ ದಶಕದಲ್ಲೇ ಕೇಳಿದ್ದ. ಮುಂದೆ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯನೂ ಆದ. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಮೂಲಕ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಬೇರೂರಿದ ಘರಾಣೆಯದೇ ಇನ್ನೊಂದು ಕೊಂಬೆ ಅದು. ಆದರೆ ಪ್ರಾಣನಾಥರು ಅಮೆರಿಕಕ್ಕೆ ಬಂದದ್ದು 1970ರಲ್ಲಿ. ಅಷ್ಟರಲ್ಲಿ ಕೇಲ್ ಯಂಗ್‌ನನ್ನಷ್ಟೇ ಅಲ್ಲ, ವೆಲ್ವೆಟ್ ಅಂಡರ್‌ಗ್ರೌಂಡನ್ನೂ ಬಿಟ್ಟಾಗಿತ್ತು. ಸವಾಯಿ ಗಂಧರ್ವರ ಕುಂದಗೋಳದಿಂದ ಮ್ಯಾನ್‌ಹಾಟನ್‌ಗೆ ಗೆರೆ ಎಳೆಯುವ ಆಸೆ ನನಗೂ ಇದೆ, ತಾರೀಕು ಬಿಡುವುದಿಲ್ಲ.

ಗೆರೆ ಎಳೆಯುವ ಆಸೆ ಹೇನ್ಸ್‌ಗೂ ಇದೆ, ಅವರು ಎಳೆದೂ ಬಿಡುತ್ತಾರೆ. ಅವರ ವಾದ ಇಷ್ಟು: ಈ ಬ್ಯಾಂಡ್ ಹುಟ್ಟಿದ್ದು ರಾಕ್ ಸಂಗೀತದ ಒಳಗಿನಿಂದಲ್ಲ, ನ್ಯೂಯಾರ್ಕಿನ ಪ್ರಯೋಗಶೀಲ ಸಿನಿಮಾ ಮತ್ತು ಸಂಗೀತದ ಹೊಟ್ಟೆಯಿಂದ. ಚಿತ್ರವನ್ನು ಆ ಸಿನಿಮಾದ ಮುಂದಾಳು ಜೋನಸ್ ಮೇಕಸ್‌ಗೆ ಅರ್ಪಿಸಿರುವುದೂ ಅದಕ್ಕೆ ಹೊಂದುತ್ತದೆ. ಆದರೆ ಚಿತ್ರ ಬಂದ ಮರುವರ್ಷವೇ ಒಂದು ಹಳೆಯ ಅಂಚೆ ಪೊಟ್ಟಣ ಈ ವಾದದ ಅರ್ಧ ಗಾಳಿ ತೆಗೆಯಿತು. 1965ರ ಮೇ ತಿಂಗಳಲ್ಲಿ ರೀಡ್ ಒಂದು ಟೇಪನ್ನು ತನ್ನದೇ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿಕೊಂಡಿದ್ದ. ಮುದ್ರೆ ಒಡೆಯದ ಪೊಟ್ಟಣದ ಮೇಲಿನ ತಾರೀಕೇ ಹಾಡುಗಳ ಹಕ್ಕಿಗೆ ಸಾಕ್ಷಿ ಎಂಬುದು ದುಡ್ಡಿಲ್ಲದ ಹಾಡುಗಾರರ ಆ ಕಾಲದ ಉಪಾಯ. ಬದುಕಿರುವವರೆಗೂ ಅವನು ಅದನ್ನು ಬಿಚ್ಚಲಿಲ್ಲ. ಅವನ ಕಾಗದಪತ್ರಗಳೆಲ್ಲ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಸೇರುವ ಹೊತ್ತಿಗೆ ಅದು ಸಿಕ್ಕಿತು, 2022ರಲ್ಲಿ ಆಲ್ಬಮ್ ಆಗಿ ಬಂತು. ಕೇಳಿದರೆ ಅಚ್ಚರಿ. ಮುಂದೆ ಜಗತ್ತನ್ನು ಬೆಚ್ಚಿಬೀಳಿಸಿದವೆನ್ನುವ ಹಾಡುಗಳು ಅಲ್ಲಿ ಬಾಬ್ ಡಿಲನ್ನನ ಹಿಂದೆ ಬಿದ್ದ ಹುಡುಗರ ಜಾನಪದ ಶೈಲಿಯಲ್ಲಿವೆ: ಗಿಟಾರು, ಬಾಯಿವಾದ್ಯ, ಜೊತೆದನಿಗೆ ಇದೇ ಕೇಲ್. ಮಾತುಗಳು ಹೆಚ್ಚುಕಡಿಮೆ ಆಗಲೇ ಕೂತಿವೆ, ಸದ್ದು ಮಾತ್ರ ಇನ್ನೂ ಬಂದಿಲ್ಲ. ಹಾಡಿನ ಕಟ್ಟು ಮೊದಲು ಬಂತು, ಮೊರೆತ ಆಮೇಲೆ. ಹೇನ್ಸ್ ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಇದು ಅವರ ತಪ್ಪೆನ್ನಲಾಗದು. ಆದರೆ ಅಷ್ಟು ಖಾತ್ರಿಯಿಂದ ಹೇಳಬೇಕಿರಲಿಲ್ಲ.

ಒಂದು ಐತಿಹ್ಯವನ್ನಂತೂ ಅವರು ನೇರ ಎದುರಿಸಿದ್ದಾರೆ. ಹದಿಹರೆಯದ ರೀಡ್‌ಗೆ ವಿದ್ಯುತ್ ಆಘಾತದ ಚಿಕಿತ್ಸೆ ಕೊಡಿಸಿದ್ದು ಅವನ ಸಲಿಂಗಕಾಮವನ್ನು 'ವಾಸಿ' ಮಾಡಲಿಕ್ಕೆ ಎಂಬುದು ರೀಡ್ ತಾನೇ ಹರಡಿದ ಕಥೆ. ತಂಗಿ ಮೆರಿಲ್ ಕ್ಯಾಮೆರಾ ಮುಂದೆ ಕೂತು ಅಪ್ಪ-ಅಮ್ಮನ ಪರ ವಾದಿಸುತ್ತಾರೆ, ವೈದ್ಯರ ಮಾತಿಗೆ ತಲೆಬಾಗಿದ ದಿಕ್ಕುಗೆಟ್ಟ ತಂದೆತಾಯಿಯನ್ನು ತೋರಿಸುತ್ತಾರೆ. ಫ್ಯಾಕ್ಟರಿಯಲ್ಲಿ ಹೆಂಗಸರ ಸ್ಥಿತಿ ಎಂಥದಿತ್ತು ಎಂಬುದನ್ನು ಅಲ್ಲಿ ಓಡಾಡಿದ್ದ ಏಮಿ ಟಾಬಿನ್ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ, ಆ ಜಾಗದ ಮೆರುಗು ಅಷ್ಟಕ್ಕೇ ಮಾಸುತ್ತದೆ.

ಹೇನ್ಸ್ ತಮಗೆ ತಾವೇ ಹಾಕಿಕೊಂಡ ಕಟ್ಟಳೆ ಒಂದೇ: ಅಲ್ಲಿ, ಆ ಕಾಲದಲ್ಲಿ ಇದ್ದವರು ಮಾತ್ರ ಮಾತಾಡಬೇಕು. ವಿಮರ್ಶಕರಿಲ್ಲ, 'ಇವರಿಂದಲೇ ನಾನು ಗಿಟಾರು ಹಿಡಿದೆ' ಎನ್ನುವ ಈಗಿನ ತಾರೆಗಳಿಲ್ಲ. ಇಂಥ ಚಿತ್ರಗಳನ್ನು ನೋಡಿ ಬೇಸತ್ತವರಿಗೆ ದೊಡ್ಡ ನೆಮ್ಮದಿ ಅದು. ಆ ಕಟ್ಟಳೆಯಿಂದಲೇ ನಮಗೆ ಜಾನಥನ್ ರಿಚ್‌ಮನ್ ಸಿಗುತ್ತಾನೆ. ಬಾಸ್ಟನ್ನಿನ ಹದಿಹರೆಯದ ಹುಡುಗನಾಗಿ ಈ ಬ್ಯಾಂಡನ್ನು ಅರವತ್ತು-ಎಪ್ಪತ್ತು ಸಲ ಕೇಳಿದವನು, ಮುಂದೆ ತಾನೂ ಹಾಡುಗಾರನಾದವನು. ಯಾವ ವಾದ್ಯದಿಂದಲೂ ಬಾರದ ಒಂದು ಸ್ವರ ನಾಲ್ವರೂ ಕೂಡಿ ನುಡಿಸುವಾಗ ಹೇಗೆ ಗಾಳಿಯಲ್ಲಿ ಹುಟ್ಟುತ್ತಿತ್ತು, ಹಾಡು ಥಟ್ಟನೆ ನಿಂತಾಗ ಸಭೆ ಕೆಲವು ಕ್ಷಣ ಹೇಗೆ ಮೂಕವಾಗಿರುತ್ತಿತ್ತು ಎಂಬುದನ್ನು ಅವನು ಗಿಟಾರು ಹಿಡಿದು ಮುಗ್ಧ ಹಿಗ್ಗಿನಿಂದ ವಿವರಿಸುತ್ತಾನೆ. ಇಡೀ ಚಿತ್ರದಲ್ಲಿ ಸಂಗೀತದ ಬಗ್ಗೆ ಅತ್ಯುತ್ತಮ ಮಾತು ಅವನದೇ.

ವಿಚಿತ್ರವೆಂದರೆ ರಿಚ್‌ಮನ್ ಹೇಳುವ ಕಾಲಕ್ಕೆ ಬಂದಾಗಲೇ ಚಿತ್ರಕ್ಕೆ ಅವಸರ. ಕೇಲ್‌ನನ್ನು ರೀಡ್ 1968ರಲ್ಲಿ ಹೊರಹಾಕಿದ ಮೇಲೆ ಹೇನ್ಸ್‌ಗೆ ಆಸಕ್ತಿ ಇಳಿದದ್ದು ಕಾಣುತ್ತದೆ. ಬ್ಯಾಂಡ್ ಊರೂರು ತಿರುಗಿ, ಬಾಸ್ಟನ್ ಟೀ ಪಾರ್ಟಿಯಂಥ ಸಭಾಂಗಣಗಳಲ್ಲಿ ಮತ್ತೆ ಮತ್ತೆ ಹಾಡಿ, ತನ್ನ ಕೇಳುಗರನ್ನು ಕೈಯಾರೆ ಕಟ್ಟಿಕೊಂಡದ್ದು ಹೆಚ್ಚಾಗಿ ಆಗಲೇ. ಯಾರೂ ಕೇಳದ ಬ್ಯಾಂಡ್ ಎಂಬ ಐತಿಹ್ಯಕ್ಕೆ ಸರಿಯಾದ ಉತ್ತರ ಆ ವರ್ಷಗಳಲ್ಲಿದೆ. 1969ರ ಮೂರನೇ ಆಲ್ಬಮ್ ಮೆಲುದನಿಯದು, ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ. ಚಿತ್ರ ಅದನ್ನು ಅವಸರದಲ್ಲಿ ದಾಟಿಬಿಡುತ್ತದೆ.

ಆ ವರ್ಷಗಳು ಉಳಿದದ್ದು ಕಂಪನಿಯ ಕಪಾಟಿನಲ್ಲಿ ಮಾತ್ರ ಅಲ್ಲ, ಅಭಿಮಾನಿಗಳ ಕ್ಯಾಸೆಟ್ಟುಗಳಲ್ಲೂ. ರಾಬರ್ಟ್ ಕ್ವೈನ್ ಎಂಬಾತ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಸೇಂಟ್ ಲೂಯಿಗಳಲ್ಲಿ ತನ್ನ ರೆಕಾರ್ಡರ್ ಹಿಡಿದು ಕೂತು ಕಛೇರಿಗಳನ್ನು ತುಂಬಿಸಿಕೊಂಡ. ಮುಂದೆ ಅವನೇ ರೀಡ್‌ನ ಬ್ಯಾಂಡಿನಲ್ಲಿ ಗಿಟಾರು ನುಡಿಸಿದ. ಆ ಟೇಪುಗಳು ಅಧಿಕೃತವಾಗಿ ಬಂದದ್ದು 2001ರಲ್ಲಿ. 1970ರ ಆಗಸ್ಟ್ 23ರಂದು ನ್ಯೂಯಾರ್ಕಿನ ಮ್ಯಾಕ್ಸಸ್ ಕ್ಯಾನ್ಸಸ್ ಸಿಟಿ ಕ್ಲಬ್ಬಿನಲ್ಲಿ ರೀಡ್ ಕೊನೆಯದಾಗಿ ಹಾಡಿದ್ದನ್ನು ಹಿಡಿದದ್ದು ವಾರ್ಹಾಲನ ಗೆಳತಿ ಬ್ರಿಜಿಡ್ ಪೋಕ್‌ಳ ಕ್ಯಾಸೆಟ್, ಮೇಜಿನ ಮೇಲಿನ ಹರಟೆ ಸಮೇತ. ಇನ್ನು ಮೊದಲ ಆಲ್ಬಮ್ಮಿನ ಮೂಲ ಕರಡು: 1966ರ ಏಪ್ರಿಲ್‌ನಲ್ಲಿ ಸ್ಕೆಪ್ಟರ್ ಸ್ಟುಡಿಯೊದಲ್ಲಿ ಮುದ್ರಿಸಿ, ಕೊಲಂಬಿಯಾ ಕಂಪನಿಗೆ ತೋರಿಸಿ ಬೇಡವೆನ್ನಿಸಿಕೊಂಡ ಅಸಿಟೇಟ್ ತಟ್ಟೆ. ಅದು 2002ರಲ್ಲಿ ನ್ಯೂಯಾರ್ಕಿನ ಚೆಲ್ಸಿಯ ಬೀದಿಬದಿಯ ಹಳೇ ಸಾಮಾನಿನ ರಾಶಿಯಲ್ಲಿ 75 ಸೆಂಟಿಗೆ ಸಿಕ್ಕಿತು. ನಾಲ್ಕು ವರ್ಷದ ಮೇಲೆ ಅದರ ಹರಾಜು ಬೆಲೆ 25,200 ಡಾಲರ್. ಈ ಬೆಲೆಯೇರಿಕೆಯಲ್ಲೇ ಕೀರ್ತಿಯ ಚರಿತ್ರೆ ಅಡಗಿದೆ. 1972ರ ನಂತರ ಏನಾಯಿತು, ಯಾವ ಪುಸ್ತಕ, ಯಾವ ಅಭಿಮಾನಿ ಪತ್ರಿಕೆ, ಯಾವ ಮರುಮುದ್ರಣ ಈ ಬ್ಯಾಂಡನ್ನು ಮತ್ತೆ ಎತ್ತಿ ನಿಲ್ಲಿಸಿತು ಎಂದು ಕೇಳಲು ಚಿತ್ರಕ್ಕೆ ಬಿಡುವಿಲ್ಲ. ಪ್ರಾಗ್‌ನ ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್ ಇವರ ಹಾಡು ಹಾಡಿ ಬೆಳೆದ ಬ್ಯಾಂಡ್. 1976ರಲ್ಲಿ ಅದರವರು ಜೈಲಿಗೆ ಹೋದರು, ಆ ಮೊಕದ್ದಮೆಯ ಬೆನ್ನಿಗೇ ವಾಕ್ಲಾವ್ ಹಾವೆಲ್ ಮತ್ತಿತರರ ಮಾನವ ಹಕ್ಕುಗಳ ಮನವಿ 'ಚಾರ್ಟರ್ 77' ಹುಟ್ಟಿತು. ಅಲ್ಲಿದ್ದವರು ಮಾತ್ರ ಎಂಬ ಕಟ್ಟಳೆಗೆ ಇವರ್ಯಾರೂ ಒಳಪಡುವುದಿಲ್ಲ.

ಒಳಪಟ್ಟರೂ ತುಸುವೇ ಸಿಗುವ ಹೆಸರುಗಳೂ ಇವೆ. ಮೊದಲ ಆಲ್ಬಮ್ಮಿನ ನಿರ್ಮಾಪಕನೆಂದು ಹೆಸರು ಬಿದ್ದದ್ದು ವಾರ್ಹಾಲನದು, ಹೊದಿಕೆಯ ಬಾಳೆಹಣ್ಣಿನ ಚಿತ್ರದೊಂದಿಗೆ. ಎಂಜಿಎಂನಲ್ಲಿ ಬ್ಯಾಂಡನ್ನು ಸೇರಿಸಿಕೊಂಡು, ಧ್ವನಿಮುದ್ರಣದ ಒಂದು ಪಾಲನ್ನು ತಾನೇ ನಡೆಸಿದವನು ಟಾಮ್ ವಿಲ್ಸನ್, ಡಿಲನ್‌ನನ್ನು ವಿದ್ಯುತ್ ಗಿಟಾರಿನತ್ತ ದಾಟಿಸಿದ ಕರಿಯ ನಿರ್ಮಾಪಕ. ಐತಿಹ್ಯಕ್ಕೆ ವಾರ್ಹಾಲ್ ಹೊಂದುವಷ್ಟು ವಿಲ್ಸನ್ ಹೊಂದುವುದಿಲ್ಲ. ಕೇಲ್‌ನ ಜಾಗಕ್ಕೆ ಬಂದ ಡಗ್ ಯೂಲ್‌ನ ಪಾಡು ಇನ್ನೂ ಕಷ್ಟದ್ದು. ಮೂರನೇ ಆಲ್ಬಮ್ಮಿನ ಮೊದಲ ಹಾಡಿನ ದನಿ ಅವನದು, ನಾಲ್ಕನೆಯದರಲ್ಲಿ ಅವನ ಕೆಲಸ ರೀಡ್‌ನಷ್ಟೇ ಹರಡಿದೆ. ರೀಡ್ ಹೋದಮೇಲೂ ಹೆಸರು ಉಳಿಸಿಕೊಂಡು 1973ರಲ್ಲಿ ಅವನು ಹೊರತಂದ 'ಸ್ಕ್ವೀಝ್' ಸಾಧಾರಣ ರೆಕಾರ್ಡು, ಅದರಲ್ಲಿ ಎರಡು ಮಾತಿಲ್ಲ. ಆದರೆ 1995ರಲ್ಲಿ ಬ್ಯಾಂಡಿನ ಸಮಗ್ರ ಸಂಪುಟವೆಂದು ಐದು ಸೀಡಿಗಳ ಪೆಟ್ಟಿಗೆ ಬಂದಾಗ, ಅರೆಬರೆ ಅಭ್ಯಾಸದ ಟೇಪುಗಳಿಗೂ ಅದರಲ್ಲಿ ಜಾಗವಿತ್ತು. ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ಹೆಸರು ಹೊತ್ತು ಅಂಗಡಿಗೆ ಹೋಗಿದ್ದ 'ಸ್ಕ್ವೀಝ್'ನ ಒಂದು ಹಾಡಿಗೂ ಇರಲಿಲ್ಲ.